ಯಾರ ಪಾಲಿನ ಹೊರೆ?

ಹಿರಿಯರು ಬಿಟ್ಟುಹೋದ ಆಸ್ತಿಯಲ್ಲಿ ಪಾಲು ಕೇಳುವವರು ಬೇಕಾದಷ್ಟು ಜನ. ಅವರು ಬಿಟ್ಟುಹೋದ ಸಾಲದಲ್ಲಿ ಪಾಲು ಕೇಳಿದವರನ್ನು ನಾನಂತೂ ಕಂಡಿಲ್ಲ. ಮನೆಯ ಮಟ್ಟಿಗೆ ನಿಜವಾದ ಈ ಮಾತು ದೇಶದ ಮಟ್ಟಿಗೂ ನಿಜವೇ? ಸ್ವಿಟ್ಜರ್ಲೆಂಡಿನ ಮಿತ್‌ಹೋಲ್ಸ್ ಎಂಬ ಹಳ್ಳಿಯ ಸಂಗತಿ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಆಲ್ಪ್ಸ್ ಪರ್ವತದ ಕಾಂಡರ್ ಕಣಿವೆಯ ಪುಟ್ಟ ಹಳ್ಳಿ ಅದು. ಇಟಲಿಯ ಕಡೆಗೆ ಸಾಗುವ, 1913ರಲ್ಲಿ ಆರಂಭವಾದ ರೈಲುದಾರಿ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವಿಸ್ ಸೈನ್ಯ ಅಲ್ಲಿನ ಬಂಡೆಯನ್ನು ಕೊರೆದು ಮದ್ದುಗುಂಡಿನ ಉಗ್ರಾಣ ಮಾಡಿತು. ಮದ್ದುಗುಂಡು ಹೊರಲಾರದ ಭಾರ. ಹಳಿ ಹತ್ತಿರವಿದ್ದರೆ ತರುವುದೂ ಸುಲಭ, ಸಾಗಿಸುವುದೂ ಸುಲಭ. ಸುತ್ತಲೂ ಯುದ್ಧ ಉರಿಯುತ್ತಿದ್ದರೂ ಆ ದೇಶ ತಟಸ್ಥವಾಗಿ ಉಳಿಯಿತು. ತನ್ನನ್ನು ತಾನು ಕಾಯ್ದುಕೊಳ್ಳಲು ಕೂಡಿಟ್ಟದ್ದು ಅಷ್ಟೇ.

ಯುದ್ಧ ಮುಗಿದು ಎರಡು ವರ್ಷವಾಗಿತ್ತು. 1947ರ ಡಿಸೆಂಬರ್ 19ರ ರಾತ್ರಿ ಉಗ್ರಾಣ ಸಿಡಿಯಿತು. ಒಳಗಿದ್ದ ಸುಮಾರು 7000 ಟನ್ನಿನಲ್ಲಿ 3000 ಟನ್ನಿನಷ್ಟು ಸ್ಫೋಟವಾಗಿ, ಒಂಬತ್ತು ಜನ ಸತ್ತರು. ಮನೆಗಳೂ ರೈಲು ನಿಲ್ದಾಣವೂ ನೆಲಸಮವಾದವು. ಜನ ಮತ್ತೆ ಮನೆ ಕಟ್ಟಿಕೊಂಡರು, ರೈಲು ಮತ್ತೆ ಓಡಿತು. ಸಿಡಿಯದೆ ಉಳಿದದ್ದರಲ್ಲಿ ಬಹುಪಾಲು ಕುಸಿದ ಬಂಡೆಯ ಅಡಿಯಲ್ಲೇ ಉಳಿಯಿತು. ಅಪಾಯ ಹೆಚ್ಚಿಲ್ಲವೆಂದು ನಂಬಿ ಸೈನ್ಯ ಅದೇ ಬೆಟ್ಟದಲ್ಲಿ ಔಷಧಿ ದಾಸ್ತಾನು ಇಟ್ಟಿತು, ಸೈನಿಕರನ್ನೂ ಮಲಗಿಸಿತು. 2018ರಲ್ಲಿ ಹೊಸದಾಗಿ ಪರೀಕ್ಷಿಸಿದಾಗ ಅಪಾಯ ಎಣಿಸಿದ್ದಕ್ಕಿಂತ ಬಹಳ ದೊಡ್ಡದೆಂದು ತಿಳಿಯಿತು. ಇನ್ನೂ 3500 ಟನ್ನಿನವರೆಗೆ ಅಲ್ಲಿದೆಯಂತೆ. ಅದನ್ನು ತೆಗೆಯಲು ಊರಿನವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮನೆ ಬಿಡಬೇಕಾಗುತ್ತದೆಂದು 2020ರಲ್ಲಿ ಸರ್ಕಾರ ತಿಳಿಸಿತು. 2023ರಲ್ಲಿ ಅಲ್ಲಿನ ಸಂಸತ್ತು ಈ ಕೆಲಸಕ್ಕೆ 259 ಕೋಟಿ ಫ್ರಾಂಕ್ ಮಂಜೂರು ಮಾಡಿತು.

ಎಪ್ಪತ್ತು ವರ್ಷ ಏನೂ ಆಗಲಿಲ್ಲವಲ್ಲ, ಇದ್ದ ಹಾಗೇ ಇರಲಿ ಎಂದು ಯಾರಾದರೂ ಕೇಳಬಹುದು. ಕೇಳುವವರು ಕೆಟ್ಟವರೇನಲ್ಲ. ಇಳಿವಯಸ್ಸಿನಲ್ಲಿ ತನ್ನ ಅಡುಗೆಮನೆ, ತನ್ನ ಹಿತ್ತಿಲು ಬಿಟ್ಟು ಹೊರಡಬೇಕಾದ ಹೆಂಗಸಿಗೆ ಪರಿಹಾರದ ಹಣದಿಂದ ಎಷ್ಟು ಸಮಾಧಾನವಾದೀತು? ಮದುವೆಯಾಗಿ ತವರು ಬಿಟ್ಟು ಬಂದ ನಮಗೆ, ಒಂದು ಮನೆ ನಮ್ಮದೆನಿಸಲು ಎಷ್ಟು ವರ್ಷ ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಡೀ ದೇಶದ ರಕ್ಷಣೆಗೆಂದು ಇಟ್ಟದ್ದರ ನೋವನ್ನು ಒಂದು ಹಳ್ಳಿಯೇ ಉಣ್ಣುವುದು ನ್ಯಾಯವಲ್ಲ. ಆದುದರಿಂದಲೇ ಅದರ ಖರ್ಚು ಇಡೀ ದೇಶದ್ದಾಗಬೇಕು.

ಆದರೂ ತೆಗೆಯುವುದೇ ಸರಿ ಎಂದು ನನಗನ್ನಿಸುತ್ತದೆ. ಬಿಟ್ಟರೆ ಅಪಾಯ ಕರಗುವುದಿಲ್ಲ. ಇನ್ನೂ ಹುಟ್ಟದ, ಬೇಡವೆನ್ನಲು ಬಾಯಿಲ್ಲದ ಮಕ್ಕಳ ಪಾಲಿಗೆ ಹೋಗುತ್ತದೆ. ಇಟ್ಟವರು ದುಷ್ಟರಲ್ಲ, ಹೆದರಿದವರು. ಇಂದು ತೆಗೆಯುವವರು ತಪ್ಪಿತಸ್ಥರೂ ಅಲ್ಲ. ತಪ್ಪು ಯಾರದೆಂದು ತೀರ್ಮಾನವಾಗುವವರೆಗೂ ಕಾಯುತ್ತಾ ಕೂತರೆ ಯಾವ ಮನೆಯ ಕಸವೂ ಹೊರಗೆ ಹೋಗುವುದಿಲ್ಲ. ಹೊಣೆ ಹೊರಲು ತಪ್ಪು ನಮ್ಮದೇ ಆಗಿರಬೇಕಾಗಿಲ್ಲ. ಅಪಾಯ ಇದೆಯೆಂದು ತಿಳಿದಿರುವುದು, ತೆಗೆಯುವ ಶಕ್ತಿಯಿರುವುದು, ಇವೆರಡಿದ್ದರೆ ಸಾಕು.