ಮುಷ್ಟಿಯೊಳಗಿನ ಕವಡೆ

ಓಡುವ ಕೋಡ್ ಬರೆದವರು ಆ ಕೋಡನ್ನು ತಿಳಿದವರೇ? ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಪ್ರೋಗ್ರಾಮಿಂಗ್ ಕಲಿಕೆ ಕಾಲೇಜಿನಲ್ಲಿ ಮುಗಿಯುವಂಥದ್ದಲ್ಲ. ಅದರ ದೊಡ್ಡ ಪಾಲು ಸಂಬಳ ಶುರುವಾದ ಮೇಲೆ, ಬೇರೆ ಯಾರೋ ಬರೆದಿಟ್ಟುಹೋದ ಸಾವಿರಾರು ಸಾಲುಗಳ ನಡುವೆ, ಗಡುವಿನ ಒತ್ತಡದಲ್ಲಿ ನಡೆಯುತ್ತದೆ. ಫರ್ಮಾಗುಡಿಯ ಗೋವಾ ಎಂಜಿನಿಯರಿಂಗ್ ಕಾಲೇಜಿನಲ್ಲೋ ಜುವಾರಿನಗರದ ಬಿಟ್ಸ್ ಕ್ಯಾಂಪಸ್ಸಿನಲ್ಲೋ ಓದಿ, ಪಣಜಿಯ ಅಥವಾ ವೆರ್ಣಾದ ಕಚೇರಿಯೊಂದರಲ್ಲಿ ಜೂನಿಯರ್ ಡೆವಲಪರ್ ಆಗಿ ಕೂತವಳ ಸ್ಥಿತಿಯೂ ಇದೇ. ಅರ್ಥವಾಗದ್ದನ್ನು ಮುಟ್ಟದೆ ಅವಳ ಕೆಲಸ ಸಾಗದು. ಮುಟ್ಟದೆ ಅರ್ಥವೂ ಆಗದು.

ಗೋವಾದಲ್ಲಿ ಇದಕ್ಕೆ ಹೋಟೆಲ್ ಬಿಲ್ಲಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಬಿಲ್ಲಿನಲ್ಲಿ ಮೂರು ಸಾಲುಗಳಿವೆ, ಒಂದೊಂದರ ತೆರಿಗೆಯೂ ಲೆಕ್ಕಕ್ಕೆ 10.334 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಪ್ರತಿ ಸಾಲನ್ನೂ ಪೈಸೆಗೆ ರೌಂಡ್ ಮಾಡಿ ಕೂಡಿಸಿದರೆ 30.99. ಮೊದಲು ಕೂಡಿಸಿ ಕೊನೆಗೊಮ್ಮೆ ರೌಂಡ್ ಮಾಡಿದರೆ 31.00. ಬಿಲ್ಲಿಗೂ ಖಾತೆಗೂ ಒಂದು ಪೈಸೆ ತಾಳೆಯಾಗುತ್ತಿಲ್ಲ ಎಂದು ದೂರು ಬರುತ್ತದೆ. ಜೂನಿಯರ್ ಎಲ್ಲಿಂದಲೋ ಒಂದು ಸಾಲು ಕೋಡ್ ತಂದು ಮೊತ್ತಕ್ಕೆ ಒಂದು ಪೈಸೆ ಸೇರಿಸುತ್ತಾಳೆ. ತಾಳೆಯಾಯಿತು, ಟೆಸ್ಟ್ ಪಾಸಾಯಿತು, ದೂರು ಮುಚ್ಚಿತು. ಹನ್ನೆರಡು ಸಾಲಿನ ಬಿಲ್ಲು ಬಂದ ದಿನ ಒಂದು ಕಡೆ 123.96, ಇನ್ನೊಂದು ಕಡೆ 124.01. ವ್ಯತ್ಯಾಸ ಐದು ಪೈಸೆಯಾಗಿತ್ತು. ಅವಳ ಸಾಲು ಒಂದನ್ನಷ್ಟೇ ಸೇರಿಸುತ್ತಿತ್ತು. ಈ ಎರಡು ದಿನಗಳ ನಡುವೆ ಅವಳ ಬಳಿ ಇದ್ದದ್ದನ್ನು ಜ್ಞಾನವೆನ್ನಬೇಕೋ ಬೇಡವೋ ಎಂಬುದು ವಿಚಾರ.

ಭಾರತೀಯ ದರ್ಶನಗಳಿಗೆ ಈ ಪ್ರಶ್ನೆ ಹಳೆಯದು. ‘ನೈಷಧೀಯಚರಿತ’ದ ಕವಿಯೂ ಅದ್ವೈತಿಯೂ ಆದ 12ನೆಯ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಕವಡೆಯ ಉದಾಹರಣೆ ಕೊಡುತ್ತಾನೆ. ಒಬ್ಬ ಮುಷ್ಟಿಯಲ್ಲಿ ಐದು ಕವಡೆ ಹಿಡಿದು ಎಷ್ಟಿವೆ ಎಂದು ಕೇಳುತ್ತಾನೆ. ಇನ್ನೊಬ್ಬ ಊಹೆಯ ಮೇಲೆ ಐದು ಎನ್ನುತ್ತಾನೆ. ಮಾತು ನಿಜ, ಆದರೆ ಅವನಿಗೆ ತಿಳಿದಿತ್ತು ಎನ್ನಲಾಗದು. ಮಂಜನ್ನು ಹೊಗೆಯೆಂದು ತಪ್ಪಾಗಿ ಕಂಡು ಅಲ್ಲಿ ಬೆಂಕಿಯಿದೆ ಎಂದು ತೀರ್ಮಾನಿಸಿದವನ ಪಾಡೂ ಅಷ್ಟೇ: ಅಲ್ಲಿ ಬೆಂಕಿ ನಿಜಕ್ಕೂ ಇದ್ದರೂ ಅವನು ಹಿಡಿದ ದಾರಿ ತಪ್ಪು. ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಇದೇ ಬಗೆಯ ತೊಡಕನ್ನು ಎಡ್ಮಂಡ್ ಗೆಟಿಯರ್ 1963ರ ಮೂರು ಪುಟದ ಲೇಖನದಲ್ಲಿ ಎತ್ತಿದಾಗ ಅದು ದೊಡ್ಡ ಚರ್ಚೆಯಾಯಿತು. ಶ್ರೀಹರ್ಷನ ಉದ್ದೇಶ ಇನ್ನೂ ಕಠಿಣ: ಯಥಾರ್ಥ ಜ್ಞಾನಕ್ಕೆ ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಕೊಡುವ ಯಾವ ಲಕ್ಷಣವೂ ನಿಲ್ಲದು ಎಂದು ತೋರಿಸುವುದು. ಅಷ್ಟು ದೂರ ಹೋಗದೆಯೂ ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ಮೂರು ಸಾಲಿನ ಬಿಲ್ಲಿಗೆ ಸೇರಿಸಿದ ಆ ಒಂದು ಪೈಸೆ ಕವಡೆಯ ಉತ್ತರವೇ.

ನ್ಯಾಯದರ್ಶನಕ್ಕೆ ಇದರ ಉತ್ತರ ಕ್ರಿಯೆಯಲ್ಲಿದೆ. ವಾತ್ಸ್ಯಾಯನನ ನ್ಯಾಯಭಾಷ್ಯ ತೊಡಗುವುದೇ ಪ್ರವೃತ್ತಿಸಾಮರ್ಥ್ಯದಿಂದ, ಅಂದರೆ ತಿಳಿವನ್ನು ನಂಬಿ ಕೈಗೊಂಡ ಕೆಲಸ ಫಲಿಸುವುದರಿಂದ. ದೂರದಲ್ಲಿ ನೀರು ಕಂಡಿತು. ಹೋಗಿ ಕುಡಿದರೆ ಬಾಯಾರಿಕೆ ಹೋಯಿತು. ಆದ್ದರಿಂದ ಕಂಡದ್ದು ನೀರೇ, ಬಿಸಿಲ್ಗುದುರೆಯಲ್ಲ. ಜ್ಞಾನದ ಪ್ರಾಮಾಣ್ಯ ಆ ಜ್ಞಾನದಿಂದಲೇ ತಿಳಿಯದು, ಹೊರಗಿನಿಂದ ಗೊತ್ತಾಗಬೇಕು ಎಂಬ ಈ ಪಕ್ಷಕ್ಕೆ ಪರತಃಪ್ರಾಮಾಣ್ಯ ಎಂದು ಹೆಸರು. ಟೆಸ್ಟ್ ಬರೆದು ಓಡಿಸಿ ನೋಡುವ ಪ್ರೋಗ್ರಾಮರ್ ತನಗೆ ಗೊತ್ತಿಲ್ಲದೆಯೇ ನೈಯಾಯಿಕ. ಆದರೆ ಊಹೆಯ ಐದು ಕೂಡ ಫಲಿಸುತ್ತದಲ್ಲ? ಫಲವೊಂದೇ ಸಾಲದು, ಜ್ಞಾನ ಹುಟ್ಟಿದ ಕಾರಣಸಾಮಗ್ರಿಯಲ್ಲೂ ‘ಗುಣ’ವಿರಬೇಕು ಎಂದು ಮುಂದಿನ ನೈಯಾಯಿಕರು ಸೇರಿಸಿದರು. ಹೊಗೆಯಿಂದ ಬೆಂಕಿಯನ್ನು ಊಹಿಸುವವನ ಮುಂದೆ ನಿಜವಾಗಿ ಹೊಗೆಯೇ ಇರಬೇಕು. ಕಲಿಯುವವರಿಗೆ ನ್ಯಾಯಶಾಸ್ತ್ರದಿಂದ ಸಿಗುವ ಅತಿ ಮುಖ್ಯ ಮಾತು ಇದೇ ಎನ್ನಬೇಕು: ಸರಿಯಾದ ಉತ್ತರ ಸರಿಯಾದ ದಾರಿಯಿಂದ ಬಂದಿರಬೇಕು. ಟೆಸ್ಟುಗಳು ತಪ್ಪು ಇರುವುದನ್ನು ತೋರಿಸಬಲ್ಲವು, ಇಲ್ಲದಿರುವುದನ್ನು ತೋರಿಸಲಾರವು ಎಂದು ಡಚ್ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ವಾದಿಸಿದ್ದೂ ಇದರ ಹತ್ತಿರದ ವಿಚಾರವೇ.

ಮೀಮಾಂಸಕರೂ ವೇದಾಂತಿಗಳೂ ಇದಕ್ಕೆದುರಾಗಿ ಸ್ವತಃಪ್ರಾಮಾಣ್ಯವನ್ನು ಹಿಡಿದರು. ಪ್ರತಿಯೊಂದು ತಿಳಿವಿಗೂ ಇನ್ನೊಂದು ತಿಳಿವಿನ ಸಾಕ್ಷಿ ಬೇಕೆಂದರೆ ಆ ಇನ್ನೊಂದಕ್ಕೂ ಮತ್ತೊಂದು ಬೇಕಾಗುತ್ತದೆ, ಅದಕ್ಕೆ ಕೊನೆಯೇ ಇರದು. ಟೆಸ್ಟ್ ಸರಿಯೇ ಎಂದು ನೋಡಲು ಟೆಸ್ಟಿಗೊಂದು ಟೆಸ್ಟ್ ಬರೆದಂತೆ. ಗೋವಾದಲ್ಲಿ ಈ ಪಕ್ಷದ ಎರಡು ಹಳೆಯ ಮನೆಗಳಿವೆ: ಫೋಂಡಾ ತಾಲೂಕಿನ ಕವಳೆಯಲ್ಲಿ ಅದ್ವೈತದ ಗೌಡಪಾದಾಚಾರ್ಯ ಮಠ, ಕಾಣಕೋಣದಲ್ಲಿ ಮಧ್ವ ಪರಂಪರೆಯ ಗೋಕರ್ಣ ಪರ್ತಗಾಳಿ ಜೀವೋತ್ತಮ ಮಠ. ಪರ್ತಗಾಳಿ ಮಠದವರು ತಮ್ಮ ಪರಂಪರೆಯನ್ನು 1475ರಿಂದ ಎಣಿಸುತ್ತಾರೆ. ಎರಡೂ ಸ್ವತಃಪ್ರಾಮಾಣ್ಯವನ್ನು ಒಪ್ಪುವ ಸಂಪ್ರದಾಯಗಳು. ಮಧ್ವರಲ್ಲಿ ಜ್ಞಾನದ ಸತ್ಯವನ್ನು ಅರಿಯುವುದು ಸಾಕ್ಷಿ, ಒಳಗಿನ ಅರಿವು. ಸಂಶಯ ಹುಟ್ಟಿದಾಗ ಪರೀಕ್ಷೆ ಬೇಕು; ಪರೀಕ್ಷೆ ಸಂಶಯವನ್ನು ಕಳೆದ ಮೇಲೆ ಒಪ್ಪಿಗೆ ಕೊಡುವುದು ಸಾಕ್ಷಿಯೇ. ಜೂನಿಯರ್‌ಗೆ ಇದು ಅಪರಿಚಿತವಲ್ಲ. ಎಲ್ಲ ಟೆಸ್ಟುಗಳೂ ಪಾಸಾಗಿದ್ದರೂ ‘ಇದು ಹೇಗೆ ಸರಿಹೋಯಿತು?’ ಎಂಬ ಅಳುಕು ಒಳಗೆ ಉಳಿದಿರುತ್ತದೆ. ಆ ಅಳುಕನ್ನು ಗದ್ದಲದಲ್ಲಿ ಮುಚ್ಚಿಹಾಕದೆ ಇಟ್ಟುಕೊಳ್ಳುವುದು ಕಲಿಕೆಯ ಅರ್ಧ ಭಾಗ.

ಇನ್ನರ್ಧವನ್ನು ಬೌದ್ಧ ಗ್ರಂಥವೊಂದು ಚೆನ್ನಾಗಿ ಬಿಡಿಸಿಡುತ್ತದೆ, ಅದಕ್ಕೂ ಗೋವಾಕ್ಕೂ ನಂಟಿದೆ. 5ನೆಯ ಶತಮಾನದ ಬುದ್ಧಘೋಷನ ‘ವಿಸುದ್ಧಿಮಗ್ಗ’ದಲ್ಲಿ ನಾಣ್ಯದ ರಾಶಿಯನ್ನು ಮೂವರು ನೋಡುತ್ತಾರೆ. ಮಗುವಿಗೆ ಅವು ಚಿತ್ರವಿರುವ ಬಿಲ್ಲೆಗಳು. ಹಳ್ಳಿಯವನಿಗೆ ಅವು ಕೊಳ್ಳಲು ಕೊಡಲು ಬರುವ ಹಣ ಎಂದು ಗೊತ್ತು. ಅಸಲಿ ಯಾವುದು ನಕಲಿ ಯಾವುದು ಎಂದು ಗೊತ್ತಿಲ್ಲ. ಚಿನಿವಾರ ಕೈಗೆತ್ತಿ, ಸದ್ದು ಕೇಳಿ, ತೂಗಿ, ಇದು ಯಾವ ಊರಿನದು, ಯಾರು ಮಾಡಿದ್ದು ಎಂದು ಹೇಳಬಲ್ಲ. ಪಾಲಿಯ ಮಾತಿನಲ್ಲಿ ಇವು ಸಞ್ಞಾ, ವಿಞ್ಞಾಣ, ಪಞ್ಞಾ. ಹೊಸಬರು ಕೋಡನ್ನು ಮೊದಲು ಮಗುವಿನಂತೆ ಆಕಾರದಿಂದ ಗುರುತಿಸುತ್ತಾರೆ: ಇದು ಲೂಪ್, ಇದು ಫಂಕ್ಷನ್. ಕೆಲವು ತಿಂಗಳಲ್ಲಿ ಹಳ್ಳಿಯವನಂತೆ ಬಳಸಬಲ್ಲರು. ಯಾವುದನ್ನು ಎಲ್ಲಿ ಇಟ್ಟರೆ ಏನಾಗುತ್ತದೆ ಎಂದು ಗೊತ್ತಿರುತ್ತದೆ. ಚಿನಿವಾರನ ನೋಟ ತಡವಾಗಿ ಬರುತ್ತದೆ: ಈ ಸಾಲು ಏಕೆ ಇಲ್ಲಿದೆ, ತೆಗೆದರೆ ಎಲ್ಲಿ ಮುರಿಯುತ್ತದೆ, ರೌಂಡ್ ಮಾಡುವುದು ಸಾಲಿನಲ್ಲೋ ಮೊತ್ತದಲ್ಲೋ. ಎರಡನೆಯ ಮೆಟ್ಟಿಲಲ್ಲೇ ಸಂಬಳ ಬರುತ್ತಿರುವುದರಿಂದ ಅಲ್ಲೇ ನಿಂತುಬಿಡುವ ಅಪಾಯ ದೊಡ್ಡದು.

ಈ ಗ್ರಂಥವನ್ನು ದೇವನಾಗರಿಯಲ್ಲಿ 1940ರಲ್ಲಿ ಸಂಪಾದಿಸಿದ ಧರ್ಮಾನಂದ ಕೋಸಂಬಿ 1876ರಲ್ಲಿ ಗೋವಾದ ಸಾಂಖವಾಳದಲ್ಲಿ ಹುಟ್ಟಿದವರು. ಇಂದಿನ ಜುವಾರಿನಗರ ಆ ಸಾಂಖವಾಳ ಪಂಚಾಯತಿಗೇ ಸೇರಿದೆ. 1899ರಲ್ಲಿ ಮನೆ ಬಿಟ್ಟ ಅವರು ಕಾಶಿಯಲ್ಲಿ ಕಷ್ಟಪಟ್ಟು ಸಂಸ್ಕೃತ ಕಲಿತು, 1902ರಲ್ಲಿ ಸಿಂಹಳಕ್ಕೆ ಹೋಗಿ ಕೊಲಂಬೊದ ವಿದ್ಯೋದಯದಲ್ಲಿ ಪಾಲಿ ಓದಿದರು. ಮುಂದೆ ಹಾರ್ವರ್ಡ್‌ನಲ್ಲಿ ‘ವಿಸುದ್ಧಿಮಗ್ಗ’ದ ಪಾಠಶೋಧನೆ ಮಾಡಿದರು. ಅವರ ಮಗ, ಗಣಿತಜ್ಞ ದಾಮೋದರ ಕೋಸಂಬಿ, ತಕ್ಷಶಿಲೆಯ ನಿಧಿಗಳ ಮುದ್ರಾಂಕಿತ ನಾಣ್ಯಗಳನ್ನು ತಾವೇ ತೂಗಿದರು. ಕೈಯಿಂದ ಕೈಗೆ ಹೋಗುತ್ತ ನಾಣ್ಯ ಸವೆಯುತ್ತದೆ, ಆ ಸವೆತದಿಂದ ಅದು ಎಷ್ಟು ಕಾಲ ಚಲಾವಣೆಯಲ್ಲಿತ್ತು ಎಂದು ಅಂದಾಜಿಸಬಹುದು ಎಂಬುದು ಅವರ ವಿಧಾನ. ತಂದೆ ಚಿನಿವಾರನ ಉಪಮೆಯಿದ್ದ ಗ್ರಂಥವನ್ನು ತಿದ್ದಿದರು, ಮಗ ತಕ್ಕಡಿಯ ಮುಂದೆ ಕೂತರು. ಇಬ್ಬರೂ ಇನ್ನೊಬ್ಬರು ಹೇಳಿದ್ದನ್ನು ಒಪ್ಪಿ ಬಿಡದೆ ಮೂಲಕ್ಕೇ ಹೋದವರು.

ಮೂಲಕ್ಕೆ ಹೋಗುವುದೆಂದರೆ ಒಬ್ಬಂಟಿಯಾಗಿ ಹೋಗುವುದಲ್ಲ. ಪೀಟರ್ ನೌರ್ ಎಂಬ ಡೆನ್ಮಾರ್ಕಿನ ಗಣಕವಿಜ್ಞಾನಿ 1985ರ ಲೇಖನವೊಂದರಲ್ಲಿ, ಪ್ರೋಗ್ರಾಂ ಎಂದರೆ ಬರೆದ ಪಠ್ಯವಲ್ಲ, ಬರೆದವರ ಮನಸ್ಸಿನಲ್ಲಿ ಕಟ್ಟಿಕೊಂಡ ತಿಳಿವಳಿಕೆ ಎಂದು ವಾದಿಸಿದ. ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್‌ನ ವಿಚಾರಗಳ ಆಧಾರ ಅದಕ್ಕಿತ್ತು. ನೌರ್ ಹೇಳುವ ಒಂದು ಪ್ರಸಂಗದಲ್ಲಿ, ಕಂಪೈಲರ್ ಒಂದನ್ನು ವಿಸ್ತರಿಸಬೇಕಿದ್ದ ಇನ್ನೊಂದು ತಂಡಕ್ಕೆ ಪೂರ್ತಿ ಕೋಡ್, ವಿವರವಾದ ದಾಖಲೆ ಎಲ್ಲವೂ ಸಿಕ್ಕಿದ್ದವು. ಆದರೂ ಅವರು ಸೂಚಿಸಿದ ಬದಲಾವಣೆಗಳು ಮೂಲ ರಚನೆಯ ಬಲವನ್ನೇ ಕೆಡಿಸುವಂತಿದ್ದವು; ಮೂಲ ತಂಡದವರು ಅದನ್ನು ನೋಡಿದ ಕೂಡಲೇ ಕಂಡುಕೊಂಡು ಸರಳ ದಾರಿ ತೋರಿಸಿದರು. ಬರಹದಲ್ಲಿ ಇಳಿಯದ ತಿಳಿವು ಜೊತೆಯಲ್ಲಿ ಕೂತಾಗ ದಾಟುತ್ತದೆ.

ಜುವಾರಿನಗರ, ಬೈನಾಗಳಿಗೆ ಉತ್ತರ ಕರ್ನಾಟಕದಿಂದ ಬಂದ ಗೌಂಡಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಮೆಂಟು ಕಲಸಿ, ಬುಟ್ಟಿ ಹೊತ್ತು, ಆಮೇಲೆ ಕರಣೆ ಹಿಡಿದ ಹುಡುಗನಿಗೆ ಗೋಡೆ ವಾಲಿದ್ದನ್ನು ಮೇಸ್ತ್ರಿಯ ಕಣ್ಣು ಮೊದಲು ಹೇಳುತ್ತದೆ, ತೂಗುಗುಂಡು ಆಮೇಲೆ ಹೇಳುತ್ತದೆ. ಮೇಸ್ತ್ರಿ ಎಂಬ ಮಾತೇ ಪೋರ್ಚುಗೀಸಿನ ‘ಮೆಸ್ತ್ರೆ’ಯಿಂದ, ಗುರು ಎಂಬರ್ಥದ ಪದದಿಂದ, ಕನ್ನಡಕ್ಕೆ ಬಂದದ್ದು. ಸಾಫ್ಟ್‌ವೇರ್ ಕಚೇರಿಯಲ್ಲಿ ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವ ಕೋಡ್ ರಿವ್ಯೂ ಮಾಡಬೇಕಾದದ್ದೂ ಮೇಸ್ತ್ರಿಯ ಕಣ್ಣಿನ ಕೆಲಸವನ್ನೇ. ಸೀನಿಯರ್ ‘ಸರಿ’ ಎಂದಷ್ಟೇ ಹೇಳಿ ಒಪ್ಪಿದರೆ ಅದು ರಿವ್ಯೂ ಅಲ್ಲ, ಸಹಿ.

ಈಗ ಕೇಳಿದ ಕೂಡಲೇ ಕೋಡ್ ಬರೆದುಕೊಡುವ ಯಂತ್ರಗಳೂ ಬಂದಿವೆ. ಅವುಗಳ ಮಾತನ್ನು ಶಬ್ದಪ್ರಮಾಣ, ಅಂದರೆ ನಂಬಿ ತಿಳಿಯಬಹುದಾದ ಮಾತು, ಎಂದು ಎಣಿಸಬಹುದೇ? ಶಬ್ದ ಪ್ರಮಾಣವಾಗುವುದು ಆಪ್ತನಾಡಿದಾಗ. ವಾತ್ಸ್ಯಾಯನನ ಪ್ರಕಾರ ಆಪ್ತನೆಂದರೆ ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತದ್ದನ್ನು ಅರಿತಂತೆ ತಿಳಿಸಬಯಸುವವನು. ಋಷಿ, ಆರ್ಯ, ಮ್ಲೇಚ್ಛ ಯಾರೇ ಆದರೂ ಈ ಲಕ್ಷಣ ಸಾಕು. ಯಂತ್ರ ಬಿಲ್ಲನ್ನು ಕಂಡಿಲ್ಲ, ಅದಕ್ಕೆ ತಿಳಿಸುವ ಬಯಕೆಯಿದೆ ಎನ್ನಲೂ ಆಧಾರವಿಲ್ಲ. ಅದರ ಉತ್ತರ ಎಷ್ಟೋ ಸಲ ಸರಿಯೇ ಇರುತ್ತದೆ. ಆದರೂ ಕೇಳಿದವಳ ಕೈಯಲ್ಲಿ ಅದು ಪರೀಕ್ಷೆಗೆ ಕಾದಿರುವ ಮಾತು ಅಷ್ಟೇ.

ಉಳಿದದ್ದು ಸಂಬಳದ ಪ್ರಶ್ನೆ. ಪೂರ್ತಿ ತಿಳಿಯದ ಕೆಲಸಕ್ಕೆ ಕೂಲಿ ಪಡೆಯುವುದು ಸರಿಯೇ? ಕಲ್ಯಾಣದ ಶರಣರು ಕಾಯಕಕ್ಕೆ ಇಟ್ಟ ಕಟ್ಟಳೆ ಪರಿಣತಿಯದ್ದಲ್ಲ, ಶುದ್ಧಿಯದ್ದು. ಚೆಲ್ಲಿದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಹಿಂದಕ್ಕೆ ಹಾಕಿ ಬರುವಂತೆ ಅವನ ಹೆಂಡತಿ ಲಕ್ಕಮ್ಮ ಹೇಳಿದಳು. ಕಲಿಯುತ್ತಿರುವುದಕ್ಕೆ ಕೂಲಿ ಪಡೆಯುವುದರಲ್ಲಿ ದೋಷವಿಲ್ಲ. ಕಲಿಯುವವರನ್ನು ಕೂರಿಸಿಕೊಂಡ ಕಚೇರಿಗೆ ಅದು ಗೊತ್ತೇ ಇದೆ. ತಿಳಿಯದ್ದನ್ನು ತಿಳಿದಂತೆ ಒಪ್ಪಿಸುವುದು ಹೆಚ್ಚಾಗಿ ತಂದ ಅಕ್ಕಿ. ‘ಒಂದು ಪೈಸೆ ಏಕೆ ತಪ್ಪುತ್ತದೆಂದು ಇನ್ನೂ ಗೊತ್ತಾಗಿಲ್ಲ, ಮೂರು ಸಾಲಿನ ಬಿಲ್ಲಿಗೆ ಮಾತ್ರ ನೋಡಿದೆ’ ಎಂದು ಆ ಬದಲಾವಣೆಯ ಜೊತೆ ಬರೆದಿಟ್ಟರೆ ಆ ಅಕ್ಕಿಯನ್ನು ಹಿಂದಕ್ಕೆ ಹಾಕಿದಂತಾಯಿತು. ಆ ಟಿಪ್ಪಣಿಯನ್ನು ಓದಿದ ಸೀನಿಯರ್ ಹನ್ನೆರಡು ಸಾಲಿನ ಬಿಲ್ಲು ಬರುವ ಮೊದಲೇ ಪಕ್ಕಕ್ಕೆ ಬಂದು ಕೂತು, ಎರಡು ಕಡೆ ರೌಂಡ್ ಮಾಡುತ್ತಿರುವ ಜಾಗವನ್ನು ತೋರಿಸಬಹುದು.