ಕಾಯಕದ ದಿನ, ದಾಸೋಹದ ಗುರಿ

ಬದುಕಿಗೆ ಗುರಿ ಬೇಕೆಂಬುದನ್ನು ಭಾರತದ ಬಹುಪಾಲು ದರ್ಶನಗಳು ಒಪ್ಪುತ್ತವೆ. ಆ ಗುರಿ ಒಂದೊಂದು ದಿನದ ಬೆಳಗು ಬೈಗುಗಳನ್ನು ಹೇಗೆ ಆಳಬೇಕೆಂಬಲ್ಲಿ ಅವುಗಳ ದಾರಿ ಬೇರೆಯಾಗುತ್ತದೆ. ಆಶ್ರಮಧರ್ಮವು ಆಯುಷ್ಯವನ್ನೇ ನಾಲ್ಕು ಪಾಲು ಮಾಡಿತು: ಕಲಿಕೆ ಮೊದಲು, ಸಂಸಾರ ಆಮೇಲೆ, ಬಿಡುಗಡೆಯ ಯೋಚನೆ ಕಡೆಗೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕೂಡಿದ ಶರಣರು ಈ ಹಂಚಿಕೆಯನ್ನು ಒಪ್ಪಲಿಲ್ಲ. ಪರಮಗುರಿಯನ್ನು ಮುಪ್ಪಿಗೆ ಮುಂದೂಡದೆ ಪ್ರತಿ ದಿನದೊಳಗೇ ಇಟ್ಟರು. ಹಾಗೆ ಇಡಲು ಅವರು ಕಂಡುಕೊಂಡ ಕ್ರಮವೇ ಕಾಯಕ ಮತ್ತು ದಾಸೋಹ. ಹುಬ್ಬಳ್ಳಿ-ಧಾರವಾಡದ ಮನೆ, ಮಠ, ಶಿಕ್ಷಣಸಂಸ್ಥೆಗಳ ನಡೆಯಲ್ಲಿ ಈ ವಿಚಾರದ ಅಚ್ಚು ಇಂದಿಗೂ ಕಾಣುತ್ತದೆ.

ಕಾಯಕವೆಂದರೆ ಮೈಮುರಿದು ಮಾಡುವ ಪ್ರಾಮಾಣಿಕ ದುಡಿಮೆ. ದಾಸೋಹವೆಂದರೆ ಆ ದುಡಿಮೆಯ ಫಲವನ್ನು ಗುರು, ಲಿಂಗ, ಜಂಗಮಕ್ಕೆ, ಅಂದರೆ ತನ್ನಾಚೆಯ ಸಮುದಾಯಕ್ಕೆ, ‘ನಾನು ಕೊಟ್ಟೆ’ ಎಂಬ ಭಾವವಿಲ್ಲದೆ ಸಲ್ಲಿಸುವುದು. ಸಂಪ್ರದಾಯಸ್ಥ ಲಿಂಗಾಯತ ಮನೆಯ ದಿನಚರಿ ಇವೆರಡರ ಸುತ್ತ ಕಟ್ಟಿಕೊಂಡದ್ದು. ಬೆಳಗಿನ ಸ್ನಾನ, ವಿಭೂತಿ, ಇಷ್ಟಲಿಂಗಪೂಜೆ ಮುಗಿಯುವವರೆಗೆ ಊಟವಿಲ್ಲ. ಅಲ್ಲಿಂದ ಮುಂದಿನ ಹೊತ್ತು ಹೊಲ, ಮಗ್ಗ, ಅಂಗಡಿ, ಕಚೇರಿಯದು. ಶ್ರಾವಣ ಬಂತೆಂದರೆ ಸಂಜೆಯ ಹೊತ್ತು ಮಠದ ಪುರಾಣ, ಪ್ರವಚನಕ್ಕೆ ಮೀಸಲು. ಪಂಚಾಚಾರಗಳಲ್ಲಿ ಸದಾಚಾರವು ನೇರ ದುಡಿಮೆಯ ಬದುಕನ್ನೂ ಭೃತ್ಯಾಚಾರವು ವಿನಯವನ್ನೂ ಕೇಳುತ್ತದೆ. ಎರಡೂ ದಿನದ ನಡೆಯಲ್ಲೇ ತೋರಬೇಕಾದ ಗುಣಗಳು. ವರ್ಷಕ್ಕೊಮ್ಮೆ ಮಾಡುವ ಸಂಕಲ್ಪದಿಂದ ಅವು ಬರುವುದಿಲ್ಲ.

ಈ ಕ್ರಮದ ಅತ್ಯಂತ ಸ್ಪಷ್ಟ ನಿದರ್ಶನ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಲ್ಲೇ ದಾಸೋಹ ಮಾಡುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದ್ದು ಆಸೆಯ ಫಲವೆಂದು ಹೇಳಿ, ಆಯ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳಿಸಿದಳು. ಈ ಪ್ರಸಂಗವನ್ನು ಬಡವರ ಸಂತೃಪ್ತಿಯ ಕಥೆಯೆಂದು ಓದುವ ರೂಢಿ ಉಂಟು. ಅದು ಕಥೆಯನ್ನು ಕಿರಿದುಮಾಡುವ ಓದು. ಲಕ್ಕಮ್ಮನ ಮುಂದೆ ನಿಶ್ಚಿತ ಗುರಿಯಿತ್ತು: ದಿನವೂ ತಪ್ಪದ ದಾಸೋಹ. ಅದಕ್ಕೆ ಎಷ್ಟು ಅಕ್ಕಿ ಬೇಕೆಂಬ ಲೆಕ್ಕವಿತ್ತು. ಆ ಲೆಕ್ಕ ಮೀರಿದ ಕೂಡಲೇ ಗುರಿ ಬದಲಾಗುತ್ತದೆ, ದಾಸೋಹದ ಜಾಗಕ್ಕೆ ಸಂಗ್ರಹ ಬಂದು ಕೂಡುತ್ತದೆ ಎಂಬುದನ್ನು ಅವಳು ಗಂಡನಿಗಿಂತ ಮೊದಲು ಕಂಡಳು. ಗುರಿ ಇಟ್ಟುಕೊಳ್ಳುವವರು ಸಾಮಾನ್ಯವಾಗಿ ಕೆಳಗಿನ ಗೆರೆಯನ್ನು ಎಳೆದುಕೊಳ್ಳುತ್ತಾರೆ: ಇಷ್ಟಾದರೂ ಆಗಬೇಕು ಎಂದು. ಇಷ್ಟಕ್ಕೆ ಸಾಕು ಎಂಬ ಮೇಲಿನ ಗೆರೆಯನ್ನೂ ಎಳೆದದ್ದು ಶರಣರ ಹೆಚ್ಚುಗಾರಿಕೆ. ಬೀದಿಯ ಕಸ ಗುಡಿಸುವ ಕಾಯಕದ ಸತ್ಯಕ್ಕ, ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನೆಂದು ನೇಮ ಹಿಡಿದದ್ದೂ ಇದೇ ಗೆರೆಯ ಮೇಲೆ.

ಪೂಜೆ ಮತ್ತು ದುಡಿಮೆ ಎದುರುಬದುರಾದರೆ ಯಾವುದಕ್ಕೆ ಮೊದಲ ಹೊತ್ತು? ನುಲಿಯ ಚಂದಯ್ಯನ ಪ್ರಸಂಗ ಇದಕ್ಕೆ ಉತ್ತರ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ದಾಸೋಹ ಮಾಡುವುದು ಅವನ ಕಾಯಕ. ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗ ಜಾರಿ ಬಿತ್ತು. ಚಂದಯ್ಯ ಅದನ್ನು ಬಿಟ್ಟು ಹುಲ್ಲಿನ ಹೊರೆಯೊಡನೆ ನಡೆದ. ಲಿಂಗವೇ ಅವನ ಬೆನ್ನುಹತ್ತಿ ಬರಬೇಕಾಯಿತು. ಶೂನ್ಯಸಂಪಾದನೆ ಈ ಕಥೆಗೆ ದೊಡ್ಡ ಜಾಗ ಕೊಟ್ಟಿದೆ. ಲಿಂಗಪೂಜೆಯಿಲ್ಲದೆ ನೀರೂ ಮುಟ್ಟದ ಪಂಥವೊಂದು ಇಂಥ ಕಥೆಯನ್ನು ತನ್ನ ಶ್ರೇಷ್ಠ ಗ್ರಂಥದಲ್ಲಿ ಉಳಿಸಿಕೊಂಡದ್ದು ಸಣ್ಣ ಮಾತಲ್ಲ. ನೇಮ ಇರಬೇಕು, ಆದರೆ ಯಾವುದಕ್ಕಾಗಿ ನೇಮವೋ ಅದನ್ನು ಮರೆಸುವಷ್ಟು ಅದು ಬೆಳೆಯಬಾರದು.

ಹುಬ್ಬಳ್ಳಿಯಲ್ಲಿ ಇನ್ನೊಂದು ದಾರಿಯೂ ಗಟ್ಟಿಯಾಗಿ ಬೇರೂರಿದೆ. ಸಿದ್ಧಾರೂಢ ಸ್ವಾಮಿಗಳು (1836–1929) ಬೋಧಿಸಿದ ಅದ್ವೈತದಲ್ಲಿ ಗುರಿ ಆತ್ಮಜ್ಞಾನ, ಸಾಧನ ಶ್ರವಣ, ಮನನ, ನಿದಿಧ್ಯಾಸನ. ನಿಜಗುಣ ಶಿವಯೋಗಿಗಳ ಕನ್ನಡ ಶಾಸ್ತ್ರಗ್ರಂಥಗಳ ಓದು ಅಲ್ಲಿಯ ಪರಂಪರೆಗೆ ಆಧಾರ. ಇಲ್ಲಿ ದಿನದ ತಿರುಳು ಕೇಳುವುದು ಮತ್ತು ವಿಚಾರಿಸುವುದು. ಆದರೂ ಜಾತಿ ಕೇಳದೆ ಬಂದವರಿಗೆಲ್ಲ ಅನ್ನ ಬಡಿಸುವ ಪದ್ಧತಿ ಆ ಮಠದಲ್ಲೂ ನಡೆದು ಬಂದಿದೆ. ತತ್ತ್ವದಲ್ಲಿ ದೂರವಿರುವ ಎರಡು ದಾರಿಗಳು ಪಂಕ್ತಿಯಲ್ಲಿ ಕೂಡುತ್ತವೆ.

ಕಾಯಕದ ತತ್ತ್ವ ಆಧುನಿಕ ವೃತ್ತಿಜೀವನಕ್ಕೆ ಹೊಂದದು ಎಂಬ ಸಂಶಯಕ್ಕೆ ಧಾರವಾಡದಲ್ಲಿ ಹುಟ್ಟಿದ ಒಬ್ಬರ ಬದುಕೇ ಉತ್ತರವಾಗಿದೆ. ಫ. ಗು. ಹಳಕಟ್ಟಿಯವರು (1880–1964) ಓದಿದ್ದು ಕಾನೂನು, ನೆಲೆಸಿದ್ದು ವಿಜಯಪುರದಲ್ಲಿ. ವಕೀಲಿಯಿಂದ ಹಣ ಬರುತ್ತಿತ್ತು, ಸಾರ್ವಜನಿಕ ಸ್ಥಾನಮಾನವೂ ಇತ್ತು. ಅಷ್ಟರಲ್ಲಿ ಊರೂರ ಮನೆಗಳಲ್ಲಿ, ಮಠಗಳಲ್ಲಿ ಪೂಜೆಗೊಳ್ಳುತ್ತ ಹುಳು ಹಿಡಿಯುತ್ತಿದ್ದ ವಚನಗಳ ತಾಡೋಲೆ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಅವನ್ನು ಹುಡುಕಿ, ನಕಲು ಮಾಡಿ, ಅಚ್ಚು ಹಾಕಿಸುವುದೇ ಬದುಕಿನ ಕೆಲಸವೆಂದು ಅವರು ನಿಶ್ಚಯಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಸ್ವಂತ ಮನೆ ಮಾರಿದ ಹಣದಿಂದ ಹಿತಚಿಂತಕ ಮುದ್ರಣಾಲಯ ನಿಂತಿತು. ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುವಾಗಿ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಬಂದದ್ದೂ ಅದೇ 1926ರಲ್ಲಿ. ವಕೀಲಿ ಹಿಂದೆ ಸರಿಯಿತು, ಬಡತನ ಮುಂದೆ ಬಂತು. ಹರಕು ಕೋಟು, ಹಳೆಯ ಸೈಕಲ್ಲು ಅವರ ಗುರುತಾದವು. ಅದಕ್ಕೂ ಮೊದಲು ಸುಮಾರು 50 ವಚನಕಾರರ ಹೆಸರಷ್ಟೇ ಗೊತ್ತಿದ್ದ ಕನ್ನಡಕ್ಕೆ ಅವರ ದುಡಿಮೆಯಿಂದ 250ಕ್ಕೂ ಹೆಚ್ಚು ವಚನಕಾರರು ದೊರೆತರು. ಲಕ್ಕಮ್ಮನ ಮಾತು ಇಂದು ಓದಲು ಸಿಗುವುದೇ ಇಂಥ ದುಡಿಮೆಯಿಂದ. ಮೌಲ್ಯ ಮೊದಲು, ಆಮೇಲೆ ಗುರಿ, ಆ ಗುರಿಗೆ ತಕ್ಕಂತೆ ಹಣ ಮತ್ತು ಹೊತ್ತಿನ ಹಂಚಿಕೆ ಎಂಬ ಕ್ರಮ ಇಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಹಳ್ಳಿಯಿಂದ ಓದಲು ಬಂದ ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿ, ದಾಸೋಹವನ್ನು ಶಿಕ್ಷಣಕ್ಕೆ ತಿರುಗಿಸಿದರು. ಅವರ ಭಕ್ತರಾದ ಮಲ್ಲಿಕಾರ್ಜುನ ಮನ್ಸೂರರಿಗೆ (1910–1992) ದಿನದ ಪೂಜೆಯೂ ಸಂಗೀತದ ಸಾಧನೆಯೂ ಬೇರೆ ಬೇರೆ ಆಗಿರಲಿಲ್ಲ. ಖ್ಯಾಲಿನ ಮೇರುಗಾಯಕ ವಚನಗಳನ್ನು ಹಾಡುವಾಗ ಅದು ಅವರಿಗೆ ಕಛೇರಿಯ ಕೊನೆಯ ಲಘು ತುಣುಕಾಗಿರಲಿಲ್ಲ.

ಈ ತತ್ತ್ವಕ್ಕೆ ಎತ್ತುವ ಆಕ್ಷೇಪಗಳಲ್ಲಿ ಒಂದು ಗಂಭೀರವಾದದ್ದು. ಕಾಯಕವೇ ದೇವರೆಂದು ಹೇಳಿ ದುಡಿಯುವವರಿಂದ ಇನ್ನಷ್ಟು ದುಡಿಸಿಕೊಳ್ಳಬಹುದಲ್ಲವೇ? ಹುಟ್ಟಿನ ಕಸುಬಿಗೆ ಕಟ್ಟಿಹಾಕಲು ಇದನ್ನೇ ಬಳಸಬಹುದಲ್ಲವೇ? ಬಳಸಿದ್ದೂ ಉಂಟು. ಶರಣರ ನಿಲುವು ಬೇರೆ. ಬೀದಿ ಗುಡಿಸುವವಳೂ, ಹಗ್ಗ ಹೊಸೆಯುವವನೂ, ಭಂಡಾರದ ಲೆಕ್ಕ ನೋಡುವ ಬಸವಣ್ಣನೂ ಒಂದೇ ಮಟ್ಟದಲ್ಲಿ ನಿಲ್ಲುವುದು ಅಲ್ಲಿ ಮೊದಲ ಷರತ್ತು. ಯಜಮಾನನೂ ದುಡಿಯಬೇಕು, ಅವನ ಗಳಿಕೆಗೂ ‘ಸಾಕು’ ಎಂಬ ಗೆರೆ ಬೇಕು ಎಂಬುದು ಎರಡನೆಯದು. ಸಂಬಳದ ನೌಕರನಿಗೆ ತನ್ನ ದುಡಿಮೆಯ ಬೆಲೆ ಕಟ್ಟುವ ಸ್ವಾತಂತ್ರ್ಯ ಚಂದಯ್ಯನಿಗಿದ್ದಷ್ಟು ಇಲ್ಲ, ನಿಜ. ತನ್ನ ಹೊತ್ತಿನಲ್ಲಿ, ಗಳಿಕೆಯಲ್ಲಿ ಎಷ್ಟು ಪಾಲು ತನ್ನಾಚೆಗೆ ಸಲ್ಲಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯವಂತೂ ಉಳಿದಿದೆ. ದುಡಿಯುವವರ ಮೇಲೆ ಕಾಯಕವನ್ನು ಹೇರಿ, ದುಡಿಸುವವರು ದಾಸೋಹವನ್ನು ಮರೆತಲ್ಲಿ ನಡೆಯುವುದು ಬರಿಯ ಕೂಲಿ. ಅದಕ್ಕೆ ಬಸವಾದಿ ಶರಣರ ಹೆಸರು ಹಚ್ಚುವುದು ಅನ್ಯಾಯ.