ಬೀಗದ ಕೈ

ಹುಲಿಯೂರುದುರ್ಗದ ಬಸ್ಸು ಕುಣಿಗಲ್ ಬಿಟ್ಟ ಕೂಡಲೇ ಅವ್ವನಿಗೆ ಫೋನ್ ಮಾಡ್ತೀನಿ. ದಾರೀಲಿ ಟವರ್ ಬದಲಾದರೂ ಮಾತು ತುಂಡಾಗಲ್ಲ. 4ಜಿಯಲ್ಲಿ ಯಾವ ಸಿಗ್ನಲ್ ಚೆನ್ನಾಗಿದೆ ಅಂತ ಫೋನೇ ಹೇಳುತ್ತೆ. ಹಳೇ ಟವರ್ ಮುಂದಿನದನ್ನ ‘ಜಾಗ ಇದೆಯಾ?’ ಅಂತ ಕೇಳಿ, ಅದು ಒಪ್ಪಿದ ಮೇಲಷ್ಟೇ ಕಳಿಸುತ್ತೆ. ದಾಟಿಸೋದು ಹಳೇ ಬೀಗದ ಕೈಯನ್ನಲ್ಲ, ಅದರಿಂದ ಹುಟ್ಟಿಸಿದ ಹೊಸದನ್ನ. ಅದರಿಂದ ಹಿಂದಿನ ಮಾತು ಬಿಚ್ಚೋಕಾಗಲ್ಲ.

ಅಪ್ಪ ಹೋದ ಮೇಲೆ ನಾನು ಅವ್ವನ್ನ ಕೇಳಲಿಲ್ಲ. ಮನೆಗೆ ಬೀಗ ಜಡಿದು ಬೆಂಗಳೂರಿಗೆ ಕರ್ಕೊಂಡು ಬಂದೆ. ಎರಡು ರೂಮಿನ ಮನೇಲಿ ಜಗಲಿ ಇದೆಯಾ, ಮಾತಿಗೊಬ್ಬರಿದ್ದಾರಾ, ನೋಡಲಿಲ್ಲ. ಮೇಲಾಗಿ ‘ಏನು ಯೋಚನೆ, ಹೇಳು’ ಅಂತ ದಿನಾ ಕೆದಕಿದೆ. ಮೂರು ತಿಂಗಳಿಗೆ ವಾಪಸ್ ಹೋದ್ಲು.

ಪ್ರೀತಿ ಇದ್ದರೆ ಸಾಕು, ಕೇಳೋದೇನು ಅಂದ್ಕೊಂಡಿದ್ದೆ. ಸಾಲದು. ಕೇಳಿ ಕರೀಬೇಕು, ಬಂದವರ ಹಳೇ ಬೀಗದ ಕೈ ಅವರ ಸೆರಗಲ್ಲೇ ಇರಲಿ ಅಂತ ಬಿಡಬೇಕು.